‘ಜನ ಬದಲಾಗಿಬಿಟ್ರು ಮೇಡಂ’

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 54 ವರ್ಷ. ಒಂದು ರಾಜಕೀಯ ಪಕ್ಷದಲ್ಲಿ 28 ವರ್ಷದಿಂದ ಇದ್ದಾರೆ. ಟಿಕೆಟ್ ಕೇಳಿದವರಲ್ಲ. ಕರಪತ್ರ, ಭಾಷಣ, ಘೋಷಣೆ ಬರೆದುಕೊಡುವುದು ಅವರ ಕೆಲಸ. ಪಕ್ಷ ಸತತ ಎರಡು ಚುನಾವಣೆ ಸೋತ ಮೇಲೆ ಅವರಿಗೆ ನಿದ್ದೆ ಹಾರಿಹೋಗಿತ್ತು. ರಾತ್ರಿ ಎರಡಕ್ಕೆ ಎದ್ದು ಫೋನಿನಲ್ಲಿ ಬೂತ್‌ವಾರು ಮತ ಎಣಿಸುತ್ತಾ ಕೂರುತ್ತಿದ್ದರು. ಹೆಂಡತಿ ಬಲವಂತ ಮಾಡಿ, ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಕಳಿಸಿದ್ದರು.

ಮೊದಲ ದಿನ ಕೂತ ತಕ್ಷಣ ಅಂಗಿ ಜೇಬಿನಿಂದ ಒಂದು ಕರಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆ ಬಿದ್ದ ಕಡೆಯೆಲ್ಲ ಅಕ್ಷರ ಅಳಿಸಿಹೋಗಿತ್ತು. “ಇದರಲ್ಲಿ ತಪ್ಪೇನಿದೆ ಹೇಳಿ ಮೇಡಂ. ಇದೇ ಮಾತಿಗೆ ಜನ ಚಪ್ಪಾಳೆ ಹೊಡೀತಿದ್ರು. ಈಗ ಕೈಗೆ ಕೊಟ್ರೆ ಕಣ್ಣೆತ್ತಿಯೂ ನೋಡಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಜನ ಬದಲಾಗಿಬಿಟ್ರು” ಅಂದರು. ಮನೆ ಬಿಟ್ಟು ಹೋದವರ ಬಗ್ಗೆ ಹೇಳುವಾಗ ಬರುತ್ತದಲ್ಲ, ಅಂಥ ಧ್ವನಿ.

ಪಕ್ಷದ ಆತ್ಮಾವಲೋಕನ ಸಭೆಯಲ್ಲಿ ಮೊದಲ ಸಲ ಅಭ್ಯರ್ಥಿಯನ್ನು ದೂರಿದ್ದರಂತೆ. ಎರಡನೇ ಸಲ ದುಡ್ಡಿನ ಕೊರತೆಯನ್ನು. ಈಗ ಮತದಾರರನ್ನೇ ದೂರುತ್ತಿದ್ದರು. ಕೆಲವರು ಹಳೇ ಮಾತನ್ನೇ ಇನ್ನೂ ಜೋರಾಗಿ ಹೇಳೋಣ ಅನ್ನುತ್ತಿದ್ದರು. ಇನ್ನು ಕೆಲವರು, ಗೆದ್ದವರು ಹೇಳಿದ್ದನ್ನೇ ನಾವೂ ಹೇಳಿಬಿಡೋಣ ಅನ್ನುತ್ತಿದ್ದರು. ನನಗೆ ಎರಡರಲ್ಲೂ ಕಂಡಿದ್ದು ಒಂದೇ ಭಯ. ಎದುರಿಗಿರುವವರ ಮಾತು ಕೇಳಿಸಿಕೊಳ್ಳುವ ಭಯ.

ಮನೆಯಲ್ಲೂ ಇದೇ ಕಥೆ. ಮಗಳು ಮೊದಲ ಸಲ ಓಟು ಹಾಕಿದ್ದಳು, ಬೇರೆ ಪಕ್ಷಕ್ಕೆ. ಒಂದು ದಿನ ಜಗಳದ ಮಧ್ಯೆ ಅವಳು, “ಅಪ್ಪ, ನೀವು ನನ್ನ ಜೊತೆ ಮಾತಾಡ್ತಿಲ್ಲ, ಭಾಷಣ ಮಾಡ್ತಿದ್ದೀರ” ಅಂದಳಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ಚುನಾವಣೆ ಸೋತದ್ದಕ್ಕಿಂತ ಇದೇ ಅವರನ್ನು ಜಾಸ್ತಿ ಕಾಡುತ್ತಿತ್ತು.

ಇಷ್ಟು ವರ್ಷ ಒಂದು ಪಕ್ಷಕ್ಕೆ ಬದುಕು ಕೊಟ್ಟವರಿಗೆ ಅದರ ಮಾತು ತಮ್ಮ ಮೈಯ ಭಾಗವೇ ಆಗಿಬಿಡುತ್ತದೆ. ಘೋಷಣೆಯನ್ನು ಬೇಡ ಅಂದರೆ ತಮ್ಮನ್ನೇ ಬೇಡ ಅಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಮೊದಲು ನಾನು ಕೇಳಿದ್ದು ಒಂದೇ: ಈ ಕರಪತ್ರ ಸುಟ್ಟುಹೋದರೂ ನೀವು ಬಿಟ್ಟುಕೊಡದ ವಿಷಯ ಯಾವುದು? ಅವರು ತುಂಬಾ ಯೋಚಿಸಿ, “ಬಡವನನ್ನು ಆಫೀಸಿನಲ್ಲಿ ಯಾರೂ ನಿಲ್ಲಿಸಿ ಕಾಯಿಸಬಾರದು” ಅಂದರು. ಕರಪತ್ರದಲ್ಲಿ ಹುಡುಕಿದೆವು. ಆ ಮಾತು ಎಲ್ಲೂ ಇರಲಿಲ್ಲ.

ರಾತ್ರಿ ಹತ್ತರ ಮೇಲೆ ಫೋನು ಬೇರೆ ಕೋಣೆಯಲ್ಲಿರಲಿ ಅಂದೆ. ಮುಖ್ಯವಾದ ಸಲಹೆ ಇನ್ನೊಂದಿತ್ತು. ಇಪ್ಪತ್ತು ಮನೆಗೆ ಹೋಗಿ. ಕರಪತ್ರ ಬೇಡ, ಪಕ್ಷದ ಶಾಲು ಬೇಡ. ನಿಮಗೆ ಯಾವುದರ ಚಿಂತೆ ಅಂತ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ತಿದ್ದಬೇಡಿ, ವಾದ ಮಾಡಬೇಡಿ. ಇಪ್ಪತ್ತೊಂದನೆಯದಾಗಿ ಮಗಳನ್ನು ಕೇಳಿ.

“ಮಾತು ಬದಲಿಸಿದ್ರೆ ಇಷ್ಟು ವರ್ಷ ಸುಳ್ಳು ಹೇಳಿದ ಹಾಗಾಗಲ್ವಾ?” ಅಂದರು. ರಾಜಕೀಯ ಹೇಳಿಕೊಡುವುದು ನನ್ನ ಕೆಲಸವಲ್ಲ. ಆದರೂ ಓದಿದ್ದು ನೆನಪಾಗಿ ಹೇಳಿದೆ. ಪಶ್ಚಿಮ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1949, 1953, 1957ರಲ್ಲಿ ಸಾಲಾಗಿ ಸೋತಿತು. 1959ರಲ್ಲಿ ಗೋಡೆಸ್‌ಬರ್ಗ್ ಅನ್ನುವ ಊರಿನಲ್ಲಿ ಸೇರಿ ಮಾರ್ಕ್ಸ್‌ವಾದದ ಮಾತು ಬಿಟ್ಟು, ಕಾರ್ಮಿಕರ ಪಕ್ಷದಿಂದ ಎಲ್ಲ ಜನರ ಪಕ್ಷವಾಗುತ್ತೇವೆ ಅಂತ ಹೇಳಿಕೊಂಡಿತು. ಸ್ವಾತಂತ್ರ್ಯ, ನ್ಯಾಯ, ಒಗ್ಗಟ್ಟನ್ನು ಮೂಲ ಮೌಲ್ಯ ಅಂತ ಮುಂದಿಟ್ಟಿತು. 1961ರಲ್ಲಿ ಮತ್ತೆ ಸೋತರೂ ಮತ ಶೇ. 31.8ರಿಂದ 36.2ಕ್ಕೆ ಏರಿತು. ಆ ಪಕ್ಷದ ವಿಲ್ಲಿ ಬ್ರಾಂಟ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದದ್ದು 1969ರಲ್ಲಿ.

“ಹತ್ತು ವರ್ಷ” ಅಂತ ಬೆರಳು ಮಡಿಸಿ ಎಣಿಸಿದರು. ಹೆದರುತ್ತಾರೆ ಅಂದುಕೊಂಡಿದ್ದೆ. ಭುಜ ಸಡಿಲವಾಯಿತು. ಮುಂದಿನ ಚುನಾವಣೆ ಒಂದನ್ನೇ ತಲೆ ಮೇಲೆ ಹೊತ್ತು ಕೂತಿದ್ದರು, ಪಾಪ.

ಐದನೇ ಸಲ ಬಂದಾಗ ಕೈಯಲ್ಲಿ ನೋಟ್‌ಬುಕ್ಕಿತ್ತು. ಒಂದು ಪುಟ ತೆಗೆದು ಓದಿದರು: “ನನ್ನ ಮಗನಿಗೆ ಕೆಲಸ ಇಲ್ಲ ಅಂತ ನಾನು ಹೇಳಿದೆ. ನೀವು ನಿಮ್ಮ ನಾಯಕರು ಯಾರ್‍ಯಾರಂತ ಹೇಳಿದ್ರಿ.” ಪಕ್ಷದ ಸಭೆಯಲ್ಲಿ ಇದನ್ನು ಓದಿದಾಗ ಹಿರಿಯರೊಬ್ಬರು ಎದ್ದು ಹೋದರಂತೆ. ಒಬ್ಬ ಹುಡುಗ ಬಂದು ಆ ಪುಟದ ಫೋಟೋ ತೆಗೆದುಕೊಂಡನಂತೆ.

“ಮಗಳು?” ಅಂದೆ.

“ಮುಕ್ಕಾಲು ಗಂಟೆ ಮಾತಾಡಿದ್ಲು. ಅರ್ಧ ನಾನು ಒಪ್ಪಲ್ಲ ಮೇಡಂ. ಆದರೆ ಬಾಯಿ ಬಿಡಲಿಲ್ಲ.”

ಈಗ ಬೆಳಗಿನ ನಾಲ್ಕರವರೆಗೆ ನಿದ್ದೆ ಬರುತ್ತಿದೆ. ಹೊಸ ಕರಪತ್ರದ ಮೊದಲ ಸಾಲನ್ನು ಅವರು ಇನ್ನೂ ಬರೆದಿಲ್ಲ.