ಟೂಲ್ ಸರಿ ಇದ್ದರೂ ಏಜೆಂಟ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ಅಡಿಕೆ ಬೆಳೆಗಾರರಿಗೆ ಮಾರುಕಟ್ಟೆ ದರ ಹೇಳುವ ಎಐ ಏಜೆಂಟ್ ಮಾಡುತ್ತಿದ್ದೇನೆ. ಅದಕ್ಕೆ ಎರಡು ಟೂಲ್ (ಏಜೆಂಟ್ ಬೇಕಾದಾಗ ಕರೆದು ಬಳಸುವ ಕೋಡ್) ಕೊಟ್ಟಿದ್ದೇನೆ. ‘ಗೆಟ್_ಪ್ರೈಸ್’ ಒಂದು ದಿನದ ದರಕ್ಕೆ, ‘ಗೆಟ್_ಡೇಟಾ’ ಹಿಂದಿನ ತಿಂಗಳುಗಳ ಸರಾಸರಿಗೆ. ಮೊದಲನೆಯದರ ವಿವರಣೆ ‘ದರ ಕೊಡುತ್ತದೆ’, ಎರಡನೆಯದರದ್ದು ‘ದರದ ಮಾಹಿತಿ ಕೊಡುತ್ತದೆ’. ಇವತ್ತಿನ ದರ ಕೇಳಿದರೆ ಎಷ್ಟೋ ಸಲ ಎರಡನೆಯದನ್ನು ಕರೆದು ಹಳೇ ದರ ಹೇಳುತ್ತದೆ. ಒಮ್ಮೆಯಂತೂ ‘ರಾಶಿ’ ಎಂಬ ಬಗೆಯ ಅಡಿಕೆಗೆ ಸೊನ್ನೆ ರೂಪಾಯಿ ಎಂದಿತು. ಕೋಡ್‌ನಲ್ಲಿ ತಪ್ಪಿಲ್ಲ. ಏಜೆಂಟ್‌ನ ಹಿಂದಿರುವ ಭಾಷಾ ಮಾಡೆಲ್ ಬದಲಿಸಿ ದೊಡ್ಡದಕ್ಕೆ ಹೋಗಬೇಕಾ?
— ಓದುಗರು, ಶಿವಮೊಗ್ಗ

ಉತ್ತರ: ಮಾಡೆಲ್ ಆಮೇಲೆ ನೋಡೋಣ, ಮೊದಲು ವಿವರಣೆ ಬದಲಿಸಿ. ನಿಮ್ಮ ಕೋಡ್ ಎಷ್ಟೇ ಚೆನ್ನಾಗಿರಲಿ, ಮಾಡೆಲ್‌ಗೆ ಅದು ಕಾಣುವುದೇ ಇಲ್ಲ. ಕಾಣುವುದು ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಟೂಲಿಗೆ ಕೊಡಬೇಕಾದ ದಿನಾಂಕ, ಬಗೆಯಂಥ ವಿವರಗಳ) ಸ್ಕೀಮಾ ಅಂದರೆ ನಮೂನೆ, ಇಷ್ಟೇ. ‘ದರ’ ಮತ್ತು ‘ದರದ ಮಾಹಿತಿ’ ನಡುವಿನ ವ್ಯತ್ಯಾಸ ನಿಮ್ಮ ತಲೆಯಲ್ಲಿದೆ. ಅದು ಬರಹಕ್ಕೆ ಇಳಿದಿಲ್ಲ.

ಹೆಸರಿನಿಂದಲೇ ಶುರು ಮಾಡಿ. ‘ಅಡಿಕೆ_ಡೈಲಿ_ಪ್ರೈಸ್’, ‘ಅಡಿಕೆ_ಮಂತ್ಲಿ_ಆವರೇಜ್’ ಎಂದಿಟ್ಟರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ನಂತರ ಮೊದಲ ಟೂಲಿನ ವಿವರಣೆಯನ್ನು ಹೀಗೆ ಬರೆದು ನೋಡಿ:

“ಒಂದು ಮಾರುಕಟ್ಟೆಯಲ್ಲಿ, ಒಂದು ದಿನ, ಒಂದು ಬಗೆಯ ಅಡಿಕೆಗೆ ಸಿಕ್ಕ ಕನಿಷ್ಠ ಮತ್ತು ಗರಿಷ್ಠ ದರ ಕೊಡುತ್ತದೆ. ದರ ಒಂದು ಕ್ವಿಂಟಲ್‌ಗೆ, ರೂಪಾಯಿಗಳಲ್ಲಿ. ಬಳಕೆದಾರರು ಇವತ್ತಿನ ಅಥವಾ ಒಂದು ನಿರ್ದಿಷ್ಟ ದಿನದ ದರ ಕೇಳಿದಾಗ ಬಳಸಿ. ತಿಂಗಳ ಸರಾಸರಿ ಬೇಕಾದಾಗ ಬಳಸಬೇಡಿ, ಅದಕ್ಕೆ ‘ಅಡಿಕೆ_ಮಂತ್ಲಿ_ಆವರೇಜ್’ ಇದೆ. ಆ ದಿನ ವ್ಯಾಪಾರ ನಡೆಯದಿದ್ದರೆ ಖಾಲಿ ಪಟ್ಟಿ ಬರುತ್ತದೆ. ಆಗ ಯಾವ ಅಂಕಿಯನ್ನೂ ಹೇಳದೆ, ಆ ದಿನದ ದರ ದಾಖಲಾಗಿಲ್ಲ ಎಂದು ತಿಳಿಸಿ.”

ಕೊನೆಯ ಎರಡು ವಾಕ್ಯ ನಿಮ್ಮ ಸೊನ್ನೆ ರೂಪಾಯಿಗೆ ಮದ್ದು. ಖಾಲಿ ಉತ್ತರ ಬಂದರೆ ಏನರ್ಥ ಎಂದು ನೀವು ಹೇಳಿರಲಿಲ್ಲ, ಮಾಡೆಲ್ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಿರಬೇಕು. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಯಾವಾಗ ಬಳಸಬಾರದು, ಬಂದ ಉತ್ತರವನ್ನು ಹೇಗೆ ಓದಬೇಕು ಎಂಬುದನ್ನು ಬಿಟ್ಟುಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ತಪ್ಪು ಆಗುವುದು ಅಲ್ಲೇ. ಕ್ವಿಂಟಲ್ ಎಂಬ ಪದವನ್ನೂ ಬಿಡಬೇಡಿ. ‘ಕೆಜಿಗೆ ಎಷ್ಟು ಬೀಳುತ್ತೆ’ ಎಂದು ಯಾರಾದರೂ ಕೇಳೇ ಕೇಳುತ್ತಾರೆ, ಅಲ್ವಾ?

ಪ್ಯಾರಾಮೀಟರ್‌ಗಳಿಗೂ ಇದೇ ಮಾತು. ಅಡಿಕೆಯ ಬಗೆಯನ್ನು ಸುಮ್ನೆ ‘ಸ್ಟ್ರಿಂಗ್’ (ಯಾವುದೇ ಪಠ್ಯ) ಎಂದು ಬಿಡದೆ, ಈನಮ್ ಪಟ್ಟಿ, ಅಂದರೆ ಇಷ್ಟರಲ್ಲೇ ಒಂದನ್ನು ಆರಿಸಬೇಕು ಎಂಬ ಪಟ್ಟಿ ಕೊಡಿ: ರಾಶಿ, ಬೆಟ್ಟೆ, ಸರಕು, ಗೊರಬಲು. ಆಗ ಮಾಡೆಲ್ ಇಲ್ಲದ ಬಗೆಯನ್ನು ಹುಟ್ಟಿಸುವ ಸಾಧ್ಯತೆ ತೀರಾ ಕಡಿಮೆ. ದಿನಾಂಕಕ್ಕೆ ವರ್ಷ-ತಿಂಗಳು-ದಿನ ಎಂಬ ಕ್ರಮವನ್ನು ಉದಾಹರಣೆ ಸಮೇತ ಬರೆಯಿರಿ. 03-04-2025 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇನ್ನೊಂದು ವಿಷಯ, ಇವತ್ತು ಯಾವ ದಿನ ಎಂದು ಮಾಡೆಲ್‌ಗೆ ತಾನಾಗಿ ಗೊತ್ತಿರುವುದಿಲ್ಲ. ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ನೀವು ಮೊದಲೇ ಕೊಡುವ ಸೂಚನೆಯಲ್ಲಿ) ದಿನಾಂಕ ಹಾಕಿದ್ದೀರಾ ನೋಡಿ.

ದೊಡ್ಡ ಮಾಡೆಲ್ ತಂದರೂ ಈ ಕೆಲಸ ತಪ್ಪುವುದಿಲ್ಲ. ಕ್ಲಾಡ್ ಮಾಡೆಲ್ ತಯಾರಿಸುವ ಆಂಥ್ರೊಪಿಕ್ ಕಂಪನಿಯೇ ಇಂಥದ್ದೊಂದು ತೊಂದರೆಯನ್ನು ಬರೆದುಕೊಂಡಿದೆ. ಅವರ ವೆಬ್ ಸರ್ಚ್ ಟೂಲ್ ಬಳಸುವಾಗ ಮಾಡೆಲ್ ಬೇಕಿಲ್ಲದಿದ್ದರೂ ಹುಡುಕುವ ಪದಗಳ ಜೊತೆ ‘2025’ ಸೇರಿಸುತ್ತಿತ್ತು. ಇದರಿಂದ ಹುಡುಕಾಟದ ಫಲಿತಾಂಶ ಹದಗೆಡುತ್ತಿತ್ತು. ಅವರು ಸರಿಪಡಿಸಿದ್ದು ಟೂಲಿನ ವಿವರಣೆಯನ್ನು ತಿದ್ದಿ.

ಹಾಗಂತ ಎಲ್ಲಕ್ಕೂ ವಿವರಣೆಯೇ ಉತ್ತರ ಎಂದುಕೊಳ್ಳಬೇಡಿ. ಅದೇ ಕಂಪನಿಯ ಕೋಡಿಂಗ್ ಏಜೆಂಟ್ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಹೋದ ಮೇಲೆ ಫೈಲ್‌ಗಳ ಪಾತ್ (ಫೈಲ್ ಎಲ್ಲಿದೆ ಎಂಬ ವಿಳಾಸ) ತಪ್ಪಾಗಿ ಕೊಡುತ್ತಿತ್ತು. ಆಗ ಅವರು ಟೂಲನ್ನೇ ಬದಲಿಸಿ, ಯಾವಾಗಲೂ ಪೂರ್ತಿ ಪಾತ್ ಕೊಡಲೇಬೇಕು ಎಂದು ಮಾಡಿದರು. ತೊಂದರೆ ನಿಂತಿತು. ನಿಮ್ಮ ವಿವರಣೆಯಲ್ಲೂ ‘ಹೀಗಾದರೆ ಹಾಗೆ ಮಾಡಬೇಡಿ’ ಎಂಬ ಎಚ್ಚರಿಕೆಗಳು ಬೆಳೆಯುತ್ತಾ ಹೋದರೆ, ಟೂಲಿನ ವಿನ್ಯಾಸದಲ್ಲೇ ಏನೋ ಸರಿಯಿಲ್ಲ ಎಂದರ್ಥ.

ಪರೀಕ್ಷೆಗೆ ನೀವೇ ಪ್ರಶ್ನೆ ಕಟ್ಟಬೇಡಿ. ಬೆಳೆಗಾರರು ನಿಜಕ್ಕೂ ಕೇಳಿದ ಪ್ರಶ್ನೆಗಳನ್ನು ತೆಗೆದು, ಪ್ರತಿಯೊಂದಕ್ಕೂ ಯಾವ ಟೂಲ್ ಬೇಕು ಎಂದು ಮೊದಲೇ ಬರೆದಿಡಿ. ‘ರಾಶಿ ಏರಿದೆಯಾ?’ ಎಂಬ ಪ್ರಶ್ನೆಯನ್ನೇ ನೋಡಿ. ಇದಕ್ಕೆ ಇವತ್ತಿನ ದರವೂ ಬೇಕು, ಹಿಂದಿನ ಸರಾಸರಿಯೂ ಬೇಕು. ‘ಹೋಲಿಕೆ ಕೇಳಿದರೆ ಎರಡೂ ಟೂಲ್ ಕರೆಯಿರಿ’ ಎಂಬ ಸಾಲು ಬೇಕು ಎಂದು ನಿಮಗೆ ಹೊಳೆಯುವುದು ಇಂಥ ಪ್ರಶ್ನೆ ಕೈಗೆ ಸಿಕ್ಕಾಗಲೇ.

ಪ್ರಶ್ನೆ: ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದಾ?
— ಅದೇ ಓದುಗರು

ಉತ್ತರ: ಬರೆಯಬಹುದು, ಈಗಿನ ದೊಡ್ಡ ಮಾಡೆಲ್‌ಗಳು ಓದಿಕೊಳ್ಳುತ್ತವೆ. ಆದರೆ ಕನ್ನಡ ಲಿಪಿಗೆ ಸಾಮಾನ್ಯವಾಗಿ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ, ಮತ್ತು ವಿವರಣೆಗಳು ಪ್ರತಿ ವಿನಂತಿಯ ಜೊತೆಗೂ ಹೋಗುತ್ತವೆ. ಎರಡೇ ಟೂಲ್ ಇದ್ದಾಗ ಇದು ದೊಡ್ಡ ಲೆಕ್ಕವಲ್ಲ. ಟೂಲ್‌ಗಳು ಹತ್ತಾರು ಆದರೆ ಯೋಚಿಸಿ. ನನ್ನ ಸಲಹೆ: ನಿಮಗೆ ಯಾವ ಭಾಷೆಯಲ್ಲಿ ಸ್ಪಷ್ಟವಾಗಿ ಬರೆಯಲು ಬರುತ್ತದೋ ಅದರಲ್ಲೇ ಬರೆಯಿರಿ. ಅಡಿಕೆಯ ಬಗೆಗಳನ್ನು ಮಾತ್ರ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಕೊಡಿ. ಮೊಬೈಲ್‌ನಲ್ಲಿ ಜನ ಎರಡರಲ್ಲೂ ಟೈಪ್ ಮಾಡುತ್ತಾರೆ.