ಓದುಗರ ಪ್ರಶ್ನೆ: ಕೂಲಿ ನೀತಿ ಬರೆಯುವವರು ಮೊದಲು ಏನು ಕೆಲಸ ಮಾಡುತ್ತಿದ್ದರು?

ಯುರೋಪಿನ ಕೂಲಿ, ಕೆಲಸ, ಪಿಂಚಣಿ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಒಂದೇ ಕುತೂಹಲ ಮತ್ತೆ ಮತ್ತೆ ಕಾಣುತ್ತಿದೆ. ಟಿವಿಯಲ್ಲಿ, ಪೇಪರಿನಲ್ಲಿ ‘ತಜ್ಞರು’ ಅಂತ ಬರುತ್ತಾರಲ್ಲ, ಅವರು ಯಾರು, ಎಲ್ಲಿಂದ ಬಂದವರು? ನನಗೂ ಬಹಳ ದಿನಗಳಿಂದ ಇಷ್ಟದ ವಿಷಯ ಇದು. ಹಾಗಾಗಿ ಕೆಲವು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷೆ ಕ್ರಿಸ್ಟೀನ್ ಲಗಾರ್ಡ್ ಅರ್ಥಶಾಸ್ತ್ರ ಓದಿದವರೇ ಅಲ್ಲವಂತೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ನಂಬಲಿಕ್ಕೇ ಆಗಲಿಲ್ಲ. ನಿಜವೇ?
— ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ನಿಜ ಸರ್. ಅವರು ವಕೀಲರು. ಬೇಕರ್ ಮೆಕೆಂಜಿ ಎಂಬ ದೊಡ್ಡ ಕಾನೂನು ಸಂಸ್ಥೆಯಲ್ಲಿ ಬೆಳೆದು, 1999ರಲ್ಲಿ ಅದರ ಮುಖ್ಯಸ್ಥೆಯಾದರು. ಆ ಕುರ್ಚಿಗೆ ಬಂದ ಮೊದಲ ಮಹಿಳೆ ಅವರೇ. ಆಮೇಲೆ ಫ್ರಾನ್ಸಿನ ಹಣಕಾಸು ಮಂತ್ರಿ, ಐಎಂಎಫ್ ಮುಖ್ಯಸ್ಥೆ, 2019ರ ನವೆಂಬರಿನಿಂದ ಈ ಹುದ್ದೆ. ಅವರಿಗಿಂತ ಮುಂಚೆ ಇದ್ದ ಮಾರಿಯೋ ದ್ರಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಮಾಡಿದ ಮೇಷ್ಟ್ರು, ಇಟಲಿಯ ಖಜಾನೆ ಇಲಾಖೆಯಲ್ಲಿ ಹತ್ತು ವರ್ಷ ಅಧಿಕಾರಿ, ನಡುವೆ ಕೆಲ ವರ್ಷ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕಿನಲ್ಲೂ ಇದ್ದರು. ಅವರಿಗೂ ಹಿಂದಿನ ಝಾಂ-ಕ್ಲೋದ್ ತ್ರಿಶೆ ಗಣಿ ಎಂಜಿನಿಯರಿಂಗ್ ಓದಿದವರು.

ನೀವು ಬ್ಯಾಂಕಿನವರು ಅಂತ ಹೇಳಿದ್ದಕ್ಕೆ ಇನ್ನೊಬ್ಬರನ್ನು ನೆನಪಿಸಲೇಬೇಕು. ಝಾಕ್ ದೆಲೋರ್. 1985ರಿಂದ ಹತ್ತು ವರ್ಷ ಯುರೋಪಿಯನ್ ಕಮಿಷನ್, ಅಂದರೆ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯ ಅಧ್ಯಕ್ಷರಾಗಿದ್ದವರು, ಯುರೋಪಿನ ದೇಶಗಳೆಲ್ಲ ಒಂದೇ ಮಾರುಕಟ್ಟೆ ಆದದ್ದು ಅವರ ಕಾಲದಲ್ಲಿ. ಅವರು ಶುರು ಮಾಡಿದ್ದು ಫ್ರಾನ್ಸಿನ ಸೆಂಟ್ರಲ್ ಬ್ಯಾಂಕಿನಲ್ಲಿ, ಸಣ್ಣ ಹುದ್ದೆಯಲ್ಲಿ. ಅಪ್ಪ ಕೂಡ ಅದೇ ಬ್ಯಾಂಕಿನ ನೌಕರ. ಫ್ರಾನ್ಸಿನಲ್ಲಿ ದೊಡ್ಡ ಅಧಿಕಾರಿಗಳನ್ನು ತಯಾರು ಮಾಡುವ ಹೆಸರುವಾಸಿ ಶಾಲೆಗಳಿವೆ, ಅವುಗಳ ಮೆಟ್ಟಿಲು ದೆಲೋರ್ ಹತ್ತಿರಲಿಲ್ಲ. ಕೆಲಸ ಮಾಡುತ್ತಲೇ ಓದಿದರು, ಕ್ರೈಸ್ತ ಕಾರ್ಮಿಕ ಯೂನಿಯನ್ನಿನಲ್ಲಿ ಓಡಾಡಿದರು. ಕಮಿಷನ್ ಇರುವ ಬ್ರಸೆಲ್ಸಿಗೆ ಬಂದ ತಿಂಗಳಲ್ಲೇ, ಅಂದರೆ 1985ರ ಜನವರಿಯಲ್ಲಿ, ವಾಲ್ ದುಶೆಸ್ ಎಂಬಲ್ಲಿ ಮಾಲೀಕರ ಸಂಘಗಳನ್ನೂ ಯೂನಿಯನ್ನುಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. ಇಬ್ಬರೂ ಕೂತು ಮಾತಾಡದೆ ಮಾರುಕಟ್ಟೆ ಮಾಡಬಾರದು ಅನ್ನುವುದು ಅವರ ಹಟ. 1988ರಲ್ಲಿ ಬೋರ್ನ್‌ಮತ್‌ಗೆ ಹೋಗಿ ಬ್ರಿಟನ್ನಿನ ಯೂನಿಯನ್ ಸಮ್ಮೇಳನದಲ್ಲಿ ಮಾತಾಡಿದಾಗ, ಅಲ್ಲಿಯವರೆಗೂ ಯುರೋಪ್ ಅಂದರೆ ಮುಖ ತಿರುಗಿಸುತ್ತಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯೂನಿಯನ್ ಸಭೆಯಲ್ಲಿ ಕೂತು ಬಂದವರ ಮಾತು ಯೂನಿಯನ್ನಿನವರಿಗೆ ಬೇಗ ಗೊತ್ತಾಗುತ್ತದೆ, ಅಲ್ವಾ?

ಕಾರ್ಮಿಕ ಕಾನೂನು ಪಾಠ ಮಾಡುವಾಗ ನಮ್ಮ ಸರ್, ಇಟಲಿಯಲ್ಲಿ ಈ ವಿಷಯದ ಪ್ರೊಫೆಸರುಗಳನ್ನು ಗುಂಡಿಟ್ಟು ಕೊಂದಿದ್ದರು ಅಂದರು. ಪಾಠ ಮಾಡುವವರನ್ನು ಯಾಕೆ ಕೊಲ್ಲುತ್ತಾರೆ?
— ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ

ನಿಮ್ಮ ಸರ್ ಹೇಳಿದ್ದು ಸರಿ ಅಮ್ಮಾ. ಒಬ್ಬರಲ್ಲ, ಮೂವರು. ನಾಲ್ಕನೆಯವರು ಬದುಕಿ ಉಳಿದರು.

ಆ ನಾಲ್ಕನೆಯವರಿಂದಲೇ ಶುರು ಮಾಡುತ್ತೇನೆ. ಜೀನೋ ಜೂನ್ಯಿ, ಕಾರ್ಮಿಕ ಕಾನೂನಿನ ಪ್ರೊಫೆಸರ್. 1970ರ ಮೇ 20ರಂದು ಇಟಲಿಯಲ್ಲಿ ‘ಕಾರ್ಮಿಕರ ಹಕ್ಕುಗಳ ಶಾಸನ’ ಬಂತಲ್ಲ, ಅದನ್ನು ರೂಪಿಸಿದವರಲ್ಲಿ ಅವರೇ ಮುಖ್ಯರು. ಕಾರ್ಖಾನೆಯೊಳಗೆ ಸಭೆ ಸೇರುವ ಹಕ್ಕು, ಸರಿಯಾದ ಕಾರಣ ಇಲ್ಲದೆ ತೆಗೆದರೆ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಅನ್ನುವ ಹಕ್ಕು, ಎಲ್ಲ ಅದರಲ್ಲಿ ಬಂತು. 1983ರಲ್ಲಿ ರೋಮಿನಲ್ಲಿ ‘ರೆಡ್ ಬ್ರಿಗೇಡ್ಸ್’ ಎಂಬ ಉಗ್ರರ ಗುಂಪು ಅವರ ಕಾಲಿಗೆ ಗುಂಡು ಹೊಡೆಯಿತು. ಅವರು ಚೇತರಿಸಿಕೊಂಡರು. ಹತ್ತು ವರ್ಷದ ಮೇಲೆ ಕಾರ್ಮಿಕ ಮಂತ್ರಿಯೂ ಆದರು.

ಎಝಿಯೋ ತರಂತೆಲ್ಲಿಗೆ ಆ ಅದೃಷ್ಟ ಇರಲಿಲ್ಲ. ಅವರು ಅರ್ಥಶಾಸ್ತ್ರದ ಮೇಷ್ಟ್ರು, ಚಿಸ್ಲ್ ಎಂಬ ಯೂನಿಯನ್ನಿಗೆ ಹತ್ತಿರದವರು. ಆಗ ಬೆಲೆ ಏರಿದಂತೆ ಸಂಬಳವೂ ತಾನಾಗಿ ಏರುವ ಪದ್ಧತಿ ಇಟಲಿಯಲ್ಲಿತ್ತು. ಬೆಲೆ ಮತ್ತು ಸಂಬಳ ಒಂದರ ಬಾಲ ಒಂದು ಹಿಡಿದು ಓಡುತ್ತಿವೆ, ಏರಿಕೆ ಎಷ್ಟು ಅಂತ ಸರ್ಕಾರ, ಯೂನಿಯನ್, ಮಾಲೀಕರು ಮೊದಲೇ ಕೂತು ಒಪ್ಪಿಕೊಳ್ಳೋಣ ಅಂತ ತರಂತೆಲ್ಲಿ ಹೇಳುತ್ತಿದ್ದರು. 1985ರ ಮಾರ್ಚ್ 27ರಂದು ಪಾಠ ಮುಗಿಸಿ ರೋಮ್ ವಿಶ್ವವಿದ್ಯಾಲಯದಲ್ಲಿ ತಮ್ಮ ಕಾರಿನ ಹತ್ತಿರ ಬಂದಾಗ ಅದೇ ಗುಂಪಿನವರು ಕೊಂದರು. ವಯಸ್ಸು ಬರೀ 43.

ಹದಿನಾಲ್ಕು ವರ್ಷದ ಮೇಲೆ ಮಾಸ್ಸಿಮೋ ದಾಂತೋನಾ. ಇವರೂ ಕಾರ್ಮಿಕ ಕಾನೂನಿನ ಪ್ರೊಫೆಸರ್, ಕಾರ್ಮಿಕ ಮಂತ್ರಿಯ ಸಲಹೆಗಾರ. ಬೆಳಿಗ್ಗೆ ಮನೆಯಿಂದ ಆಫೀಸಿಗೆ ನಡೆದು ಹೋಗುವಾಗ ದಾರಿಯಲ್ಲಿ ಗುಂಡು. ತಾರೀಕು ನೋಡಿ, 1999ರ ಮೇ 20. ಆ ಶಾಸನ ಬಂದ ದಿನವೇ.

ಕೊನೆಯವರು ಮಾರ್ಕೋ ಬ್ಯಾಜಿ. ಮೊದೆನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, ಮನೆ ಬೊಲೊನ್ಯಾದಲ್ಲಿ. ಎಡ ಸರ್ಕಾರಕ್ಕೂ ಬಲ ಸರ್ಕಾರಕ್ಕೂ ಸಲಹೆ ಕೊಟ್ಟವರು. ಗುತ್ತಿಗೆ, ಹಂಗಾಮಿ ಕೆಲಸಗಳಿಗೆ ಹೊಸ ನಿಯಮ ಬೇಕು, ಕೆಲಸಕ್ಕೆ ತೆಗೆದುಕೊಳ್ಳುವುದು ಸಲೀಸಾಗಬೇಕು ಅಂತ ಬರೆದರು. ಅದನ್ನು ಯೂನಿಯನ್ನುಗಳು ಜೋರಾಗಿ ವಿರೋಧಿಸುತ್ತಿದ್ದವು. ಬೆದರಿಕೆಗಳಿದ್ದವು. ಆದರೂ 2001ರಲ್ಲಿ ಅವರಿಗಿದ್ದ ಪೊಲೀಸ್ ಕಾವಲು ತೆಗೆದುಹಾಕಿದರು. ವಾಪಸ್ ಕೊಡಿ ಅಂತ ಅವರು ಪತ್ರ ಬರೆದು ಕೇಳಿದರೂ ಸಿಗಲಿಲ್ಲ. 2002ರ ಮಾರ್ಚ್ 19ರ ಸಂಜೆ ಮೊದೆನಾದಿಂದ ರೈಲಿನಲ್ಲಿ ಬಂದಿಳಿದು, ದಿನದಂತೆ ಸ್ಟೇಷನ್ನಿನಿಂದ ಸೈಕಲ್ ತುಳಿದುಕೊಂಡು ವಾಲ್ದೋನಿಕಾ ಬೀದಿಯ ಮನೆ ಬಾಗಿಲಿಗೆ ಬಂದರು. ಅಲ್ಲೇ ಕೊಂದರು. ದಾಂತೋನಾ ಅವರನ್ನು ಕೊಂದ ಪಿಸ್ತೂಲೇ ಇಲ್ಲೂ ಬಳಕೆಯಾಗಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಯಾಕೆ ಕೊಂದರು ಅಂತ ನೀವು ಕೇಳಿದ್ದು. ಈ ನಾಲ್ವರೂ ಒಂದೇ ಅಭಿಪ್ರಾಯದವರಲ್ಲ. ಜೂನ್ಯಿ ಕಾರ್ಮಿಕರಿಗೆ ಹಕ್ಕು ಕಟ್ಟಿಕೊಟ್ಟವರು, ಬ್ಯಾಜಿ ನಿಯಮ ಸಡಿಲಿಸಿ ಅಂದವರು. ಆದರೆ ನಾಲ್ವರೂ ಸರ್ಕಾರ, ಯೂನಿಯನ್, ಮಾಲೀಕರ ನಡುವೆ ಓಡಾಡಿ ಒಪ್ಪಂದ ಕುದುರಿಸುವವರು. ಕ್ರಾಂತಿ ಆಗಲೇಬೇಕು ಅಂದುಕೊಂಡವರ ಕಣ್ಣಿಗೆ ಮಂತ್ರಿಗಿಂತ ಇವರೇ ಜಾಸ್ತಿ ಅಡ್ಡಿ. ಬ್ಯಾಜಿ ಬರೆದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಆದರೆ ಆ ಸೈಕಲ್ ದಾರಿ ನೆನಪಾದಾಗಲೆಲ್ಲ ಗಂಟಲು ಕಟ್ಟುತ್ತದೆ.

ಇಟಲಿಯಲ್ಲೇ ಇನ್ನೊಂದು ಘಟನೆ ಹೇಳಿ ಮುಂದೆ ಹೋಗುತ್ತೇನೆ. ಎಲ್ಸಾ ಫೊರ್ನೇರೋ, ತೂರಿನ್‌ನ ಅರ್ಥಶಾಸ್ತ್ರದ ಪ್ರೊಫೆಸರ್, ಜೀವನವೆಲ್ಲ ಪಿಂಚಣಿಯನ್ನೇ ಅಧ್ಯಯನ ಮಾಡಿದವರು. 2011ರಲ್ಲಿ ದೇಶ ಸಾಲದಲ್ಲಿ ಮುಳುಗುತ್ತಿದ್ದಾಗ ಅವರನ್ನು ಕಾರ್ಮಿಕ ಮಂತ್ರಿ ಮಾಡಿದರು. ಡಿಸೆಂಬರ್ 4ರಂದು ಪಿಂಚಣಿ ವಯಸ್ಸು ಏರಿಸುವ ಸುದ್ದಿ ಹೇಳಲು ಕೂತರು, ‘ತ್ಯಾಗ’ ಅನ್ನುವ ಮಾತು ಬಂದಾಗ ಅಳು ತಡೆಯಲಾಗಲಿಲ್ಲ, ಮಾತು ನಿಂತುಹೋಯಿತು. ಲೆಕ್ಕ ಅವರದು ಪಕ್ಕಾ. ಆದರೆ ಒಂದು ಗುಂಪು ತಪ್ಪಿಹೋಗಿತ್ತು. ಇನ್ನೇನು ಪಿಂಚಣಿ ಬರುತ್ತದೆ ಅಂತ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಕೆಲಸ ಬಿಟ್ಟವರು. ವಯಸ್ಸು ಏರಿದ ಕೂಡಲೇ ಅವರಿಗೆ ಅತ್ತ ಸಂಬಳವೂ ಇಲ್ಲ, ಇತ್ತ ಪಿಂಚಣಿಯೂ ಇಲ್ಲ. ‘ಎಸೊದಾತಿ’ ಅಂತ ಅವರಿಗೆ ಹೆಸರೇ ಬಂತು. ಅವರನ್ನು ಕಾಪಾಡಲು ಒಂದಾದ ಮೇಲೊಂದು ಕಾನೂನು ತರಬೇಕಾಯಿತು. ಯೂನಿಯನ್ ಆಫೀಸಿನಲ್ಲಿ ಅರ್ಜಿ ತುಂಬಿಸುವ ಯಾರಾದರೂ ಒಬ್ಬರು ಆ ಕೋಣೆಯಲ್ಲಿ ಇದ್ದಿದ್ದರೆ ಮೊದಲೇ ಎಚ್ಚರಿಸುತ್ತಿದ್ದರು ಅಂತ ನನ್ನ ನಂಬಿಕೆ.

ನಾನು ಜರ್ಮನಿಯಲ್ಲಿ ಎಂಜಿನಿಯರ್. ಇಲ್ಲಿ ಕೆಲಸ ಇಲ್ಲದವರ ಮಾತು ಬಂದರೆ ಈಗಲೂ ‘ಹಾರ್ಟ್ಸ್ ಫೋರ್’ ಅನ್ನುತ್ತಾರೆ. ಈ ಹಾರ್ಟ್ಸ್ ಯಾರು?
— ಸ್ಟುಟ್‌ಗಾರ್ಟ್‌ನ ಕನ್ನಡಿಗರು

ಪೀಟರ್ ಹಾರ್ಟ್ಸ್. ಉಕ್ಕಿನ ಕಾರ್ಖಾನೆಗಳಲ್ಲಿ ಸಿಬ್ಬಂದಿ ನೋಡಿಕೊಂಡು, ಆಮೇಲೆ ಫೋಕ್ಸ್‌ವಾಗನ್ನಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾದವರು. 1990ರ ದಶಕದಲ್ಲಿ ಅಲ್ಲಿ ಸುಮಾರು 30,000 ಜನರ ಕೆಲಸ ಹೋಗುವ ಹಂತಕ್ಕೆ ಬಂದಾಗ, ಯಾರನ್ನೂ ತೆಗೆಯದೆ ವಾರಕ್ಕೆ ನಾಲ್ಕೇ ದಿನ, 28.8 ಗಂಟೆ ಕೆಲಸ ಅಂತ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡರು. ಆ ಹೆಸರಿನ ಮೇಲೆಯೇ 2002ರಲ್ಲಿ ಚಾನ್ಸಲರ್ ಶ್ರೋಡರ್ ಅವರನ್ನು 15 ಜನರ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಕಂಪನಿಯವರು, ಸಲಹಾ ಸಂಸ್ಥೆಯವರು, ಪ್ರೊಫೆಸರುಗಳು, ಯೂನಿಯನ್ನಿನವರು ಇದ್ದರು. ಕೆಲಸ ಕಳೆದುಕೊಂಡು ಸಾಲಿನಲ್ಲಿ ನಿಂತವರ ಕಡೆಯಿಂದ ಯಾರೂ ಇರಲಿಲ್ಲ.

ಸಮಿತಿಯ ಹೆಸರಿನಲ್ಲಿ ಬಂದ ನಾಲ್ಕನೆಯ ಕಾನೂನೇ ಹಾರ್ಟ್ಸ್ ಫೋರ್, 2005ರ ಜನವರಿ 1ರಿಂದ ಜಾರಿ. ಅಲ್ಲಿಯವರೆಗೆ ಬಹಳ ದಿನ ಕೆಲಸ ಇಲ್ಲದವರಿಗೂ ಹಳೆ ಸಂಬಳದ ಲೆಕ್ಕದಲ್ಲಿ ನೆರವು ಸಿಗುತ್ತಿತ್ತು. ಆಮೇಲೆ ಎಲ್ಲರಿಗೂ ಒಂದೇ ಮೊತ್ತ, ಪಶ್ಚಿಮ ಜರ್ಮನಿಯಲ್ಲಿ ಒಬ್ಬರಿಗೆ ಶುರುವಿನಲ್ಲಿ ತಿಂಗಳಿಗೆ 345 ಯೂರೋ, ಮೇಲೆ ಬಾಡಿಗೆ ಖರ್ಚು. ಇಪ್ಪತ್ತೈದು ವರ್ಷ ದುಡಿದವರೂ, ಒಂದು ದಿನವೂ ದುಡಿಯದವರೂ ಒಂದೇ ಸಾಲಿನಲ್ಲಿ. ಆಮೇಲಿನ ವರ್ಷಗಳಲ್ಲಿ ನಿರುದ್ಯೋಗ ಬಹಳ ಇಳಿಯಿತು ನಿಜ, ಅದು ಇದರಿಂದಲೇನಾ ಅಂತ ಅರ್ಥಶಾಸ್ತ್ರಜ್ಞರು ಇನ್ನೂ ಜಗಳ ಆಡುತ್ತಾರೆ. ಹಾರ್ಟ್ಸ್ ಅವರೇ 2007ರಲ್ಲಿ ಕಂಪನಿಯ ಹಣದ ದುರುಪಯೋಗದ ಪ್ರಕರಣದಲ್ಲಿ ತಪ್ಪಿತಸ್ಥರಾದರು, ಎರಡು ವರ್ಷದ ಜೈಲು ಶಿಕ್ಷೆ ಆಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು. ಅವರ ಹೆಸರು ಮಾತ್ರ ಕ್ರಿಯಾಪದವೇ ಆಗಿಬಿಟ್ಟಿತು. 2009ರಲ್ಲಿ ‘ಹಾರ್ಟ್ಸೆನ್’ (ಕೆಲಸ ಇಲ್ಲದೆ ಆ ನೆರವಿನಲ್ಲಿ ಬದುಕುವುದು) ಅನ್ನುವುದು ಅಲ್ಲಿನ ಯುವಜನರ ವರ್ಷದ ಪದ. 2023ರಲ್ಲಿ ಯೋಜನೆಯ ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯದೇ ಉಳಿದದ್ದು ನೀವೇ ಕೇಳುತ್ತಿದ್ದೀರಿ.

ಹಾಗಾದರೆ ಕನಿಷ್ಠ ಕೂಲಿ ಎಷ್ಟು ಅಂತ ಹೇಳಲು ಸರಿಯಾದ ಜನ ಯಾರು?
— ಗಾರ್ಮೆಂಟ್ಸ್ ಯೂನಿಯನ್ ಕಾರ್ಯಕರ್ತೆ, ಬೆಂಗಳೂರು

ಒಬ್ಬರೇ ಅಂತ ಇಲ್ಲ ಅಕ್ಕಾ, ಅದೇ ಉತ್ತರ. ನನಗೆ ತುಂಬಾ ಮೆಚ್ಚುಗೆ ಆದದ್ದು ಬ್ರಿಟನ್ನಿನ ‘ಲೋ ಪೇ ಕಮಿಷನ್’. 1997ರಲ್ಲಿ ಶುರುವಾಯಿತು. ಒಂಬತ್ತು ಜನ. ಮೂವರು ಮಾಲೀಕರ ಕಡೆಯ ಅನುಭವದವರು, ಮೂವರು ಯೂನಿಯನ್ ಕಡೆಯವರು, ಮೂವರು ಸ್ವತಂತ್ರರು. ಮೊದಲ ಸಲ ಅಧ್ಯಕ್ಷರಾದ ಜಾರ್ಜ್ ಬೇನ್ ಕೆನಡಾದಲ್ಲಿ ಹುಟ್ಟಿದ ಕೈಗಾರಿಕಾ ಸಂಬಂಧಗಳ ಪ್ರೊಫೆಸರ್. ದಿನಸಿ ಅಂಗಡಿಗಳ ಸಂಘದವರು ಒಬ್ಬರಿದ್ದರು, ಬಟ್ಟೆ ಮತ್ತು ಚಪ್ಪಲಿ ಕಾರ್ಖಾನೆ ಕೆಲಸಗಾರರ ಯೂನಿಯನ್ನಿನವರೂ ಇದ್ದರು. ಊರೂರು ತಿರುಗಿ ಕೇಳಿದರು. ಕೊನೆಗೆ ಒಂಬತ್ತೂ ಜನ ಒಮ್ಮತದ ವರದಿ ಕೊಟ್ಟರು. 1999ರ ಏಪ್ರಿಲ್ 1ರಿಂದ ಗಂಟೆಗೆ 3.60 ಪೌಂಡ್ ಬಂತು. ಕೂಲಿ ಏರಿದರೆ ಕೆಲಸಗಳೇ ಹೋಗುತ್ತವೆ ಅಂತ ಹೆದರಿಸಿದ್ದರು, ಹಾಗೆ ಆಗಲಿಲ್ಲ.

ಜರ್ಮನಿಯ ಕನಿಷ್ಠ ಕೂಲಿ ಸಮಿತಿಯಲ್ಲೂ ಮಾಲೀಕರು, ಯೂನಿಯನ್ ಎರಡೂ ಕಡೆಯವರಿದ್ದಾರೆ, ಇಬ್ಬರು ಪ್ರೊಫೆಸರುಗಳಿದ್ದಾರೆ, ಆದರೆ ಪ್ರೊಫೆಸರುಗಳಿಗೆ ವೋಟಿಲ್ಲ. 2023ರಲ್ಲಿ ಒಮ್ಮತ ಮುರಿಯಿತು. ಯೂನಿಯನ್ನಿನವರು ಒಪ್ಪದಿದ್ದರೂ ಅಧ್ಯಕ್ಷೆಯ ವೋಟಿನಿಂದ ಗಂಟೆಗೆ 12.41 ಯೂರೋ ಅಂತ ತೀರ್ಮಾನವಾಯಿತು. ಆ ಗಾಯ ಬಹಳ ದಿನ ಇತ್ತು. 2025ರಲ್ಲಿ ಮತ್ತೆ ಎಲ್ಲರೂ ಒಪ್ಪಿ 2026ಕ್ಕೆ 13.90, 2027ಕ್ಕೆ 14.60 ಅಂತ ಮಾಡಿದರು.

ನಿಮಗೆ ಗೊತ್ತೇ ಇರುತ್ತದೆ, ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಮಾಲೀಕರು, ಕೆಲಸಗಾರರು ಸರಿಸಮ, ಜೊತೆಗೆ ಸ್ವತಂತ್ರರು ಅನ್ನುವ ಸಲಹಾ ಮಂಡಳಿ ಇತ್ತು. ಬ್ರಿಟನ್ನಿನ ಲೋ ಪೇ ಕಮಿಷನ್ನಿಗಿಂತ ಸುಮಾರು ಐವತ್ತು ವರ್ಷ ಮುಂಚೆ. ನಿಮ್ಮ ಕಡೆಯವರು ಅಲ್ಲಿ ಕೂತಾಗ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರನ್ನೇ ಕಳಿಸಿ.

ಒಬ್ಬ ತಜ್ಞರು ಯಾರ ಹಣದಲ್ಲಿ ಮಾತಾಡುತ್ತಿದ್ದಾರೆ ಅಂತ ಹೇಗೆ ತಿಳಿಯುವುದು?
— ಉಪನ್ಯಾಸಕರು, ಶಿವಮೊಗ್ಗ

ಸಂಸ್ಥೆಯ ಹೆಸರು ನೋಡಿ, ಅದಕ್ಕೆ ದುಡ್ಡು ಎಲ್ಲಿಂದ ಅಂತ ಹುಡುಕಿ. ಜರ್ಮನಿಯದೇ ಹೇಳುತ್ತೇನೆ. ಕೊಲೋನ್‌ನ ಐಡಬ್ಲ್ಯು ಸಂಸ್ಥೆಗೆ ಮಾಲೀಕರ ಸಂಘಗಳ ಹಣ. ಡುಸೆಲ್‌ಡಾರ್ಫ್‌ನ ಡಬ್ಲ್ಯುಎಸ್‌ಐ ಯೂನಿಯನ್ನುಗಳಿಗೆ ಸೇರಿದ ಹನ್ಸ್ ಬ್ಯೋಕ್ಲರ್ ಪ್ರತಿಷ್ಠಾನದ್ದು. ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕೂರುವ ಕಾರ್ಮಿಕ ಪ್ರತಿನಿಧಿಗಳು ತಮಗೆ ಬರುವ ಭತ್ಯೆಯ ದೊಡ್ಡ ಪಾಲನ್ನು ಈ ಪ್ರತಿಷ್ಠಾನಕ್ಕೆ ಕೊಡುತ್ತಾರೆ, ಸಂಶೋಧನೆ ಅದರಲ್ಲೇ ನಡೆಯುತ್ತದೆ. ಎರಡೂ ಕಡೆ ಒಳ್ಳೆ ಕೆಲಸ ಆಗುತ್ತದೆ. ಎರಡನ್ನೂ ಓದಿ, ಎಲ್ಲಿ ಒಂದೇ ಅಂಕಿ ಬರುತ್ತದೆ ಅಂತ ನೋಡಿ. ಅದನ್ನು ಧೈರ್ಯವಾಗಿ ನಂಬಬಹುದು.

ಮುಚ್ಚಿಡದೆ ಇದ್ದರೂ ತಕರಾರು ಬರುತ್ತದೆ. ಸರ್ಕಾರಕ್ಕೆ ಸಲಹೆ ಕೊಡುವ ಐವರು ಅರ್ಥಶಾಸ್ತ್ರಜ್ಞರ ಮಂಡಳಿ ಜರ್ಮನಿಯಲ್ಲಿ 1963ರಿಂದ ಇದೆ. ಅದರಲ್ಲಿದ್ದ ವೆರೋನಿಕಾ ಗ್ರಿಮ್ 2024ರಲ್ಲಿ ಸೀಮೆನ್ಸ್ ಎನರ್ಜಿಯ ಮೇಲ್ವಿಚಾರಣಾ ಮಂಡಳಿಗೂ ಸೇರಲು ಹೊರಟಾಗ, ಉಳಿದ ನಾಲ್ವರೂ ಎರಡರಲ್ಲಿ ಒಂದನ್ನು ಬಿಡಿ ಅಂತ ಬರೆದರು. ಅವರು ಎರಡನ್ನೂ ಉಳಿಸಿಕೊಂಡರು. ನಾನಾಗಿದ್ದರೆ ಒಂದನ್ನು ಬಿಡುತ್ತಿದ್ದೆ.

ಎಂ.ಎ. ಮುಗಿಯುತ್ತಿದೆ. ಯುರೋಪಿನಲ್ಲಿ ಕಾರ್ಮಿಕ ನೀತಿ ಕೆಲಸ ಮಾಡಬೇಕು ಅಂತ ಆಸೆ. ದಾರಿ ಇದೆಯಾ?
— ವಿದ್ಯಾರ್ಥಿ, ಧಾರವಾಡ

ಇದೆ. ಯುರೋಪಿಯನ್ ಕಮಿಷನ್ನಿನ ಕಾಯಂ ಕೆಲಸಕ್ಕೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ಬೇಕು, ಅದನ್ನು ಈಗ ಬಿಡಿ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಶುರುವಾದಾಗಿನಿಂದ ಭಾರತ ಅದರ ಸದಸ್ಯ, ಅಲ್ಲಿ ನಮ್ಮವರಿಗೆ ಬಾಗಿಲು ತೆರೆದಿದೆ. ಓದಲು ಜರ್ಮನಿಯ ಕಾಸೆಲ್ ಮತ್ತು ಬರ್ಲಿನ್‌ನಲ್ಲಿ ‘ಗ್ಲೋಬಲ್ ಲೇಬರ್ ಯೂನಿವರ್ಸಿಟಿ’ಯ ಮಾಸ್ಟರ್ಸ್ ಇದೆ, ಪಾಠ ಇಂಗ್ಲಿಷಿನಲ್ಲಿ. ಆದರೆ ಅದು ಯೂನಿಯನ್, ಕಾರ್ಮಿಕ ಸಂಘಟನೆಗಳಲ್ಲಿ ಕೆಲಸ ಮಾಡಿದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸುಮ್ನೆ ಅಂಕಪಟ್ಟಿ ಹಿಡಿದು ಹೋದರೆ ಸಾಲದು.

ಸ್ವೀಡನ್ನಿನ ಯೋಸ್ತಾ ರೆನ್ ಮತ್ತು ರುಡಾಲ್ಫ್ ಮೈಡ್ನರ್ ಇಬ್ಬರೂ ಎಲ್‌ಒ ಎಂಬ ಯೂನಿಯನ್ ಒಕ್ಕೂಟದ ಆಫೀಸಿನಲ್ಲಿ ಕೂತ ಅರ್ಥಶಾಸ್ತ್ರಜ್ಞರು. 1951ರಲ್ಲಿ ಅವರು ಸಮ್ಮೇಳನದ ಮುಂದಿಟ್ಟ ವರದಿ ಸ್ವೀಡನ್ನಿನ ದಶಕಗಳ ನೀತಿಗೆ ಅಡಿಪಾಯವಾಯಿತು. ಒಂದೇ ಕೆಲಸಕ್ಕೆ ಒಂದೇ ಕೂಲಿ, ಕೆಲಸ ಹೋದವರಿಗೆ ಸರ್ಕಾರದ ಖರ್ಚಿನಲ್ಲಿ ಹೊಸ ಕಸುಬು ಕಲಿಸುವುದು. ಹಾಗಾಗಿ ಒಂದು ವರ್ಷ ಇಲ್ಲೇ ಯಾವುದಾದರೂ ಯೂನಿಯನ್ ಆಫೀಸಿನಲ್ಲಿ, ಪಿಎಫ್ ಅರ್ಜಿ ತುಂಬಿಸುವ ಕೆಲಸಕ್ಕಾದರೂ ಸರಿ, ಸೇರಿಕೊಳ್ಳಿ. ಮೇಲಿನ ಪತ್ರ ಬರೆದ ಬೆಂಗಳೂರಿನ ಅಕ್ಕನಿಗೆ ನಿಮ್ಮ ಪತ್ರ ಕಳಿಸಿಕೊಡಬಹುದಾ, ತಿಳಿಸಿ.