ಎಂಆರ್‌ಐಯಲ್ಲಿ ಗಡ್ಡೆಯಂತೆ ಕಂಡದ್ದು ಎಂಎಸ್ ಆಗಿರಬಹುದೇ?

ಖಂಡಿತ ಆಗಿರಬಹುದು. ಡೊಂಬಿವಲಿಯ ನಿಮ್ಮ ಅಕ್ಕನ ರಿಪೋರ್ಟಿನಲ್ಲಿ ‘ಟ್ಯೂಮರ್ ಅಥವಾ ಡಿಮೈಲಿನೇಶನ್’ ಎಂದು ಎರಡನ್ನೂ ಬರೆದಿರುವುದು ಅದಕ್ಕೇ. ಎಂಎಸ್‌ನಲ್ಲಿ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ದೇಹದ ರಕ್ಷಣಾ ಕಣಗಳೇ ನರತಂತುಗಳ ಮೈಲಿನ್ ಹೊದಿಕೆಯನ್ನು ಹಾಳುಮಾಡುತ್ತವೆ; ಇದೇ ಡಿಮೈಲಿನೇಶನ್. ಅಪರೂಪಕ್ಕೆ ಆ ಗಾಯ 2 ಸೆಂ.ಮೀ. ಮೀರಿ, ಸುತ್ತ ಬಾವು ಬಂದು, ಥೇಟ್ ಗಡ್ಡೆಯಂತೆ ಕಾಣುತ್ತದೆ.

ಕಾಂಟ್ರಾಸ್ಟ್ ಎಂಬ ಮದ್ದು ಕೊಟ್ಟು ತೆಗೆದ ಚಿತ್ರದಲ್ಲಿ ಗಾಯದ ಹೊಳೆಯುವ ಅಂಚು ನೋಡಬೇಕು. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ದಪ್ಪನೆಯ ಪೂರ್ತಿ ಉಂಗುರ. ಎಂಎಸ್‌ನಲ್ಲಿ ಹಲವು ಸಲ ಅರ್ಧಚಂದ್ರ, ಅದರ ತೆರೆದ ಬಾಯಿ ಮೆದುಳಿನ ಹೊರಪದರದ ಕಡೆಗೆ. ಬೆನ್ನುನೀರಿನಲ್ಲಿದ್ದು ರಕ್ತದಲ್ಲಿಲ್ಲದ ಆಲಿಗೋಕ್ಲೋನಲ್ ಬ್ಯಾಂಡ್ ಎಂಬ ಪ್ರೋಟೀನ್ ಪಟ್ಟಿಗಳೂ ಎಂಎಸ್ ಕಡೆಗೇ ಬೆರಳು ತೋರಿಸುತ್ತವೆ. ಹಾಗಾಗಿ ಬೆನ್ನುನೀರು, ರಕ್ತ ಎರಡರ ಸ್ಯಾಂಪಲ್ಲೂ ಪರೀಕ್ಷೆಗೆ ಜೊತೆಯಲ್ಲೇ ಹೋಗಬೇಕು.

ತುರ್ತಿಲ್ಲದಿದ್ದರೆ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕೋ ಬೇಡವೋ ನಿರ್ಧಾರವಾಗುವ ಮೊದಲು ಸ್ಟಿರಾಯ್ಡ್ ಬೇಡ ಅನ್ನುತ್ತಾರೆ. ಸ್ಟಿರಾಯ್ಡ್‌ನಿಂದ ಎಂಎಸ್ ಗಾಯವೂ ಕುಗ್ಗುತ್ತದೆ, ಲಿಂಫೋಮಾ ಎಂಬ ಕ್ಯಾನ್ಸರೂ ಕೆಲಕಾಲ ಕುಗ್ಗುತ್ತದೆ. ಆಮೇಲೆ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಸಿಗದೇ ಹೋದೀತು. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಫಿಲ್ಮ್ ಜೊತೆ ಸೀಡಿಯನ್ನೂ ಒಯ್ಯಿರಿ. ಆ ಅರ್ಧಚಂದ್ರ ಫಿಲ್ಮಿನ ಪುಟ್ಟ ಚೌಕಗಳಲ್ಲಿ ಸರಿಯಾಗಿ ಕಾಣದೇ ಇರಬಹುದು.